ಕೈಮಾತಿಗೆ ಧ್ವನಿಯಿಲ್ಲವೇ?

ಸೆಪ್ಟೆಂಬರ್ 23 ಸಂಜ್ಞಾ ಭಾಷೆಗಳ ಅಂತರರಾಷ್ಟ್ರೀಯ ದಿನ. ಕಿವುಡರ ವಿಶ್ವ ಒಕ್ಕೂಟ 1951ರಲ್ಲಿ ರೋಮ್‌ನಲ್ಲಿ ಹುಟ್ಟಿದ್ದು ಇದೇ ದಿನ. ಅದರ ನೆನಪಿಗೆ ವಿಶ್ವಸಂಸ್ಥೆ 2018ರಿಂದ ಈ ದಿನಾಚರಣೆ ಆರಂಭಿಸಿತು. ಈಚೆಗೆ ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಕಾರ್ಯಕ್ರಮ ಪಟ್ಟಿಯಲ್ಲೂ ಅದಕ್ಕೊಂದು ಜಾಗ ಸಿಗುತ್ತಿದೆ. ಆಚರಣೆಯ ರೀತಿ ಹೆಚ್ಚುಕಡಿಮೆ ಒಂದೇ. ಸ್ಪೀಕರಿನಲ್ಲಿ ರಾಷ್ಟ್ರಗೀತೆಯೋ ಸಿನಿಮಾ ಹಾಡೋ ಬರುತ್ತಿರುತ್ತದೆ, ವೇದಿಕೆಯ ಮೇಲೆ ಕಿವಿ ಕೇಳುವ ವಿದ್ಯಾರ್ಥಿಗಳು ಅದಕ್ಕೆ ಕೈಸನ್ನೆ ಮಾಡುತ್ತಾರೆ. ಚಪ್ಪಾಳೆಯ ಬದಲು ಎರಡೂ ಕೈ ಮೇಲೆತ್ತಿ ಅಂಗೈ ಆಡಿಸುವುದನ್ನು ಸಭಿಕರು ಕಲಿಯುತ್ತಾರೆ. ಅತಿಥಿಗಳು ಮೌನದ ಮಹತ್ವದ ಬಗ್ಗೆ ದೀರ್ಘವಾಗಿ ಮಾತಾಡುತ್ತಾರೆ.

ಇದರಲ್ಲಿ ಕೆಟ್ಟದ್ದೇನಿಲ್ಲ. ನಾಲ್ಕು ಜನ ನಾಲ್ಕು ಸಂಜ್ಞೆ ಕಲಿತರೂ ಲಾಭವೇ. ಆದರೆ ಸಾಹಿತ್ಯ ಓದುವವರು ಇಲ್ಲೊಂದು ಪ್ರಶ್ನೆ ಕೇಳಬೇಕು. ಆ ವೇದಿಕೆಯ ಮೇಲೆ ಸಂಜ್ಞಾ ಭಾಷೆಯಲ್ಲೇ ಹುಟ್ಟಿದ್ದು ಏನಿತ್ತು? ಹಾಡು ಹಿಂದಿಯದು ಅಥವಾ ಕನ್ನಡದ್ದು, ತಾಳ ಕಿವಿಯದು, ಮೆಚ್ಚಿದವರು ಕೇಳಬಲ್ಲವರು. ಕನ್ನಡ ರಾಜ್ಯೋತ್ಸವದ ದಿನ ಇಂಗ್ಲಿಷ್ ಪದ್ಯಗಳ ಅನುವಾದವನ್ನಷ್ಟೇ ಓದಿ ಮುಗಿಸಿದರೆ ನಾವು ಸುಮ್ಮನಿರುತ್ತೇವೆಯೇ? ಒಂದು ಭಾಷೆಯನ್ನು ಸಂಭ್ರಮಿಸುವುದೆಂದರೆ ಅದರಲ್ಲಿ ಏನು ಹೇಳಲಾಗಿದೆ, ಹೇಗೆ ಹೇಳಲಾಗಿದೆ ಎಂದು ನೋಡುವುದು. ಸಂಜ್ಞಾ ಭಾಷೆಗೆ ಸಂಬಂಧಿಸಿ ಆ ಕೆಲಸವನ್ನು ನಮ್ಮ ಸಾಹಿತ್ಯ ವಿಭಾಗಗಳು ಇನ್ನೂ ತಮ್ಮದೆಂದುಕೊಂಡಿಲ್ಲ. ಅದಕ್ಕೆ ಬೇಕಾದ ಪರಿಕರಗಳು ಕನ್ನಡ ವಿಮರ್ಶೆಯ ಕೈಯಲ್ಲೇ ಇವೆ ಎಂಬುದು ಈ ಬರಹದ ವಾದ.

ಮೊದಲು ನಮ್ಮ ಪದಗಳನ್ನೇ ನೋಡೋಣ. ಕನ್ನಡಕ್ಕೆ 'ಮೂಕ' ಎಂಬ ಪದದ ಮೇಲೆ ಬಹಳ ಪ್ರೀತಿ. ಮೂಕವೇದನೆ, ಮೂಕವಿಸ್ಮಯ, ಮೂಕಪ್ರಾಣಿ, ಮೂಕಪ್ರೇಕ್ಷಕ. ಹೇಳಲಾಗದ ಅನುಭಾವಕ್ಕೆ ವಚನಕಾರರು ಮೂಗ ಕಂಡ ಕನಸನ್ನು ಹೋಲಿಕೆಯಾಗಿ ತಂದರು. ಕೊಲ್ಲೂರಿನ ಸ್ಥಳಪುರಾಣದಲ್ಲಿ ಕಂಹಾಸುರ ತಪಸ್ಸು ಮಾಡಿ ವರ ಕೇಳುವ ಹೊತ್ತಿಗೆ ಮಾತು ಕಳೆದುಕೊಂಡು ಮೂಕಾಸುರನಾಗುತ್ತಾನೆ. ಕೈಯಲ್ಲಿ ಕೇಳಬಹುದಿತ್ತಲ್ಲ ಎಂದು ಆ ಕಥೆಯಲ್ಲಿ ಯಾರಿಗೂ ಹೊಳೆಯುವುದಿಲ್ಲ. ಅದೇ ದೇವಿಯ ಹೆಸರು ಹೊತ್ತ ಕಾರಂತರ 'ಮೂಕಜ್ಜಿ'ಯಂತೂ ಕಾದಂಬರಿಯ ತುಂಬ ಮಾತಾಡುತ್ತಾಳೆ. ಅಂದರೆ ನಮ್ಮ ಸಾಹಿತ್ಯದಲ್ಲಿ ಮೂಕತನ ಹೆಚ್ಚಾಗಿ ಒಂದು ರೂಪಕ. ಒಮ್ಮೆ ಅದು ಅಸಹಾಯಕತೆ, ಇನ್ನೊಮ್ಮೆ ಗಹನತೆ. ಎರಡೂ ಕಡೆ ನಂಬಿಕೆ ಒಂದೇ: ದನಿ ಇಲ್ಲದವರಿಗೆ ಭಾಷೆ ಇಲ್ಲ. ಮೂಗ ಕಂಡ ಕನಸನ್ನು ಇನ್ನೊಬ್ಬ ಮೂಗನಿಗೆ ಬೆಳಿಗ್ಗೆ ಎದ್ದು ಸವಿವರವಾಗಿ ಹೇಳಬಲ್ಲ ಎಂಬ ಸಾಧ್ಯತೆ ಆ ಹೋಲಿಕೆಯೊಳಗೆ ಇಲ್ಲ.

ಸಿನಿಮಾ ಸ್ವಲ್ಪ ಮುಂದೆ ಹೋಯಿತು. ಎನ್. ಲಕ್ಷ್ಮೀನಾರಾಯಣ್ ಅವರ 'ನಾಂದಿ' 1964ರಲ್ಲೇ ಕಿವುಡ ಹೆಣ್ಣೊಬ್ಬಳ ಸಂಸಾರವನ್ನು ತೆರೆಗೆ ತಂದಿತು. ರಾಜಕುಮಾರ್ ಶಿಕ್ಷಕ, ಹರಿಣಿ ಕಿವುಡ ಹೆಂಡತಿ. ಆ ಕಾಲಕ್ಕೆ ಅದು ದಿಟ್ಟ ಮತ್ತು ಮಾನವೀಯ ಚಿತ್ರ. ಆದರೂ ಅದು ನೋಡುವುದು ಕೇಳಬಲ್ಲವರ ಕಡೆಯಿಂದ: ಇಂಥವಳ ಜೊತೆ ಬಾಳುವುದು ಹೇಗೆ ಎಂಬುದು ಅದರ ಪ್ರಶ್ನೆ. ಇಂಥವಳಾಗಿ ಬಾಳುವುದು ಹೇಗೆ ಎಂಬ ಪ್ರಶ್ನೆಗೆ ಕಿವುಡರದೇ ಲೋಕ ಬೇಕು, ಅವರದೇ ಭಾಷೆ ಬೇಕು.

ಈ ಲೋಕವನ್ನು ಹೆಸರಿಸುವುದರಲ್ಲೂ ಕನ್ನಡಕ್ಕೆ ತೊಡಕಿದೆ. ಅಮೆರಿಕದ ಭಾಷಾವಿಜ್ಞಾನಿ ಜೇಮ್ಸ್ ವುಡ್‌ವರ್ಡ್ 1972ರಲ್ಲಿ ಒಂದು ಬರವಣಿಗೆಯ ಪದ್ಧತಿ ಸೂಚಿಸಿದರು. ಕಿವಿಯ ಸ್ಥಿತಿಯನ್ನು ಹೇಳುವಾಗ 'ಡೆಫ್' ಪದಕ್ಕೆ ಸಣ್ಣ ಅಕ್ಷರ, ಸಂಜ್ಞಾ ಭಾಷೆಯಾಡುವ ಸಮುದಾಯವನ್ನು ಹೇಳುವಾಗ ದೊಡ್ಡ ಅಕ್ಷರ. ನಮ್ಮ ಲಿಪಿಯಲ್ಲಿ ಸಣ್ಣ ಅಕ್ಷರ ದೊಡ್ಡ ಅಕ್ಷರಗಳ ಭೇದವಿಲ್ಲ. 'ಕಿವುಡ' ಎಂದರೆ ಬೈಗುಳದಂತೆ ಕೇಳುತ್ತದೆಂದು ನಾವು 'ಶ್ರವಣದೋಷವುಳ್ಳವರು' ಎಂದೆವು. ಮರ್ಯಾದೆಯ ಪದ ಹುಡುಕುತ್ತ ಹೋಗಿ 'ದೋಷ'ವನ್ನೇ ಹೆಸರಿನೊಳಗೆ ಕೂರಿಸಿದೆವು. ನನಗೆ 'ಕಿವುಡ ಸಮುದಾಯ' ಎಂಬ ನೇರ ಮಾತೇ ಮೇಲೆನಿಸುತ್ತದೆ. ದಲಿತ ಸಾಹಿತ್ಯ ನಮಗೆ ಕಲಿಸಿದ್ದು ಇದನ್ನೇ: ಹೆಸರಿನ ಮಾನ ಅವಮಾನಗಳನ್ನು ಆ ಹೆಸರಿನವರು ನಿರ್ಧರಿಸುತ್ತಾರೆ.

ಸಂಜ್ಞಾ ಭಾಷೆ ಎಂದಾಗ ಉತ್ತರ ಕನ್ನಡದವರಿಗೆ ತಟ್ಟನೆ ನೆನಪಾಗುವುದು ಯಕ್ಷಗಾನದ ಹಸ್ತಾಭಿನಯ. ಈ ಹೋಲಿಕೆ ದಾರಿ ತಪ್ಪಿಸುತ್ತದೆ. ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಅದಕ್ಕೆ ಅಭಿನಯ ಕೊಡುತ್ತಾನೆ, ಆಮೇಲೆ ಅರ್ಥ ಹೇಳುತ್ತಾನೆ. ಅಲ್ಲಿ ಕೈಗಿಂತ ಮೊದಲು ಪದ್ಯವಿದೆ. ಮುದ್ರೆಗಳನ್ನಷ್ಟೇ ಇಟ್ಟುಕೊಂಡು 'ನಾಳೆ ಅಂಕೋಲೆಯ ಬ್ಯಾಂಕಿಗೆ ಹೋಗುವುದಿದೆ, ನೀನೂ ಬರ್ತಿಯಾ?' ಎಂದು ಕೇಳಲು ಬರುವುದಿಲ್ಲ. ಸಂಜ್ಞಾ ಭಾಷೆಯಲ್ಲಿ ಅದನ್ನು ಕೇಳಬಹುದು, ಉತ್ತರಕ್ಕೆ ಜಗಳವನ್ನೂ ಆಡಬಹುದು. ಅಲ್ಲಿ ಕೈಯೇ ಪದ್ಯ, ಕೈಯೇ ಅರ್ಥ.

ಭಾರತೀಯ ಸಂಜ್ಞಾ ಭಾಷೆ ಹಿಂದಿಯನ್ನೋ ಕನ್ನಡವನ್ನೋ ಬೆರಳಿಗೆ ಇಳಿಸಿದ್ದಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ಕೈಯ ಆಕಾರ, ಅದು ನಿಲ್ಲುವ ಜಾಗ, ಚಲನೆ, ಅಂಗೈ ತಿರುಗಿದ ದಿಕ್ಕು, ಮುಖಭಾವ ಇವೆಲ್ಲ ಸೇರಿ ಒಂದು ಪದ. ಇವುಗಳಲ್ಲಿ ಒಂದು ಬದಲಾದರೆ ಅರ್ಥವೇ ಬದಲಾಗಬಹುದು, ಕನ್ನಡದಲ್ಲಿ ಕಲೆ ಮತ್ತು ಕೊಲೆ ಬೇರೆಯಾಗುವಂತೆ. ಯಾರು, ಎಲ್ಲಿ, ಯಾವಾಗ ಎಂಬುದಕ್ಕೆಲ್ಲ ಒಂದೇ ಸಾಮಾನ್ಯ ಪ್ರಶ್ನಾಸಂಜ್ಞೆ ಸಾಕು. ಮುಖ, ಜಾಗ, ಹೊತ್ತು ಎಂಬ ಸಂಜ್ಞೆಗಳು ಅದರ ಜೊತೆ ಸೇರಿ ಪ್ರಶ್ನೆಯನ್ನು ಖಚಿತ ಮಾಡುತ್ತವೆ. ಪ್ರಶ್ನೆಯೂ ನಿಷೇಧವೂ ಬರುವುದು ವಾಕ್ಯದ ಕೊನೆಗೆ. ಕೊನೆಯ 'ಇಲ್ಲ'ಕ್ಕಾಗಿ ಕಾಯುವುದು ಕನ್ನಡಿಗರಿಗೆ ಹೊಸದೇನಲ್ಲ. ಜರ್ಮನಿಯ ಭಾಷಾವಿಜ್ಞಾನಿ ಉಲ್ರಿಕ ಝೆಶಾನ್ ದೆಹಲಿಯ ಕಿವುಡರನ್ನೂ ಕರಾಚಿಯ ಕಿವುಡರನ್ನೂ ಅಧ್ಯಯನ ಮಾಡಿ, ಎರಡೂ ಕಡೆಯ ವ್ಯಾಕರಣ ಒಂದೇ ಎಂದು ತೋರಿಸಿದರು. ಕೇಳಬಲ್ಲವರ ಭಾಷೆಗಳನ್ನು ಹಿಂದಿ, ಉರ್ದು ಎಂದು ಎರಡಾಗಿಸಿದ ಗಡಿ ಇಲ್ಲಿ ಅಷ್ಟು ಕೆಲಸ ಮಾಡಿಲ್ಲ. ಅದಕ್ಕೂ ಮೊದಲು, 1980ರ ದಶಕದಲ್ಲೇ, ಹಿಮಾಚಲ ಮೂಲದ ಕಿವುಡ ವಿದ್ವಾಂಸ ಮದನ್ ವಸಿಷ್ಠ ಅವರು ಇದೇ ವುಡ್‌ವರ್ಡ್ ಜೊತೆ ಸೇರಿ ದೆಹಲಿ, ಮುಂಬೈ, ಕೋಲ್ಕತ್ತಗಳ ಜೊತೆಗೆ ಬೆಂಗಳೂರಿನ ಸಂಜ್ಞೆಗಳನ್ನೂ ದಾಖಲಿಸಿದ್ದರು.

ಕರ್ನಾಟಕದ ಹಳ್ಳಿಯೊಂದರ ಉದಾಹರಣೆ ಇನ್ನೂ ಮುಖ್ಯವಾದದ್ದು. ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಹುಟ್ಟುಕಿವುಡರ ಸಂಖ್ಯೆ ಬೇರೆಡೆಗಿಂತ ಬಹಳ ಹೆಚ್ಚು. ಹತ್ತಿರದ ಸಂಬಂಧದಲ್ಲೇ ಮದುವೆಗಳಾಗುವ ಶಿಯಾ ಮುಸ್ಲಿಮರ ಊರು ಅದು. ಅಲ್ಲಿ ತಾನಾಗಿ ಒಂದು ಸಂಜ್ಞಾ ಭಾಷೆ ಬೆಳೆದಿದೆ, ಕೇಳಬಲ್ಲ ಎಷ್ಟೋ ಜನರಿಗೂ ಅದು ಬರುತ್ತದೆ. ಸ್ವತಃ ಕಿವುಡರಾದ ಸಂಶೋಧಕ ಸಿಬಾಜಿ ಪಂಡಾ ಅದರ ಅಧ್ಯಯನವನ್ನು 2012ರಲ್ಲಿ ಪ್ರಕಟಿಸಿದರು. ಹಳ್ಳಿಯ ಸಂಜ್ಞಾ ಭಾಷೆಗಳ ಬಗ್ಗೆ ಜಗತ್ತಿನಲ್ಲಿ ಎಲ್ಲೇ ಚರ್ಚೆಯಾದರೂ ಬಾಲಿ ದ್ವೀಪದ ಬೆಂಗ್ಕಲದ ಜೊತೆ ಅಲೀಪುರದ ಹೆಸರೂ ಬರುತ್ತದೆ. ನಮ್ಮ ಕನ್ನಡ ವಿಭಾಗಗಳ 'ಕರ್ನಾಟಕದ ಭಾಷೆಗಳು' ಪಾಠದಲ್ಲಿ ತುಳು, ಕೊಡವ, ಕೊಂಕಣಿ, ಬ್ಯಾರಿ ಬರುತ್ತವೆ, ಅಲೀಪುರ ಬರುವುದಿಲ್ಲ. ಅಲ್ಲಿನ ಮಕ್ಕಳು ಹೊರಗಿನ ಶಾಲೆಗಳಿಗೆ ಹೋಗಿ ದೊಡ್ಡ ಭಾಷೆಯಾದ ಭಾರತೀಯ ಸಂಜ್ಞಾ ಭಾಷೆಯನ್ನು ಕಲಿತಂತೆ ಊರಿನ ಭಾಷೆ ಸೊರಗುತ್ತಿದೆ. ಸಣ್ಣ ಭಾಷೆಯನ್ನು ದೊಡ್ಡ ಭಾಷೆ ತಿನ್ನುವ ಕಥೆ ಕೈಗಳಲ್ಲೂ ನಡೆಯುತ್ತದೆ.

ವಿಶ್ವವಿದ್ಯಾಲಯಗಳ ವಿಷಯಕ್ಕೆ ಬಂದರೆ, ಸಂಜ್ಞೆಗಳನ್ನು ಭಾಷೆ ಎಂದು ಮೊದಲು ಗಂಭೀರವಾಗಿ ವಾದಿಸಿದವರು ಸಾಹಿತ್ಯದ ಮೇಷ್ಟ್ರು. ವಾಷಿಂಗ್ಟನ್ನಿನ ಗ್ಯಾಲೊಡೆಟ್ 1864ರಲ್ಲಿ ಕಿವುಡರ ಉನ್ನತ ಶಿಕ್ಷಣಕ್ಕೆಂದೇ ಆರಂಭವಾದ ಸಂಸ್ಥೆ. 1955ರಲ್ಲಿ ಅಲ್ಲಿಗೆ ಇಂಗ್ಲಿಷ್ ಸಾಹಿತ್ಯ ಕಲಿಸಲು ಬಂದ ವಿಲಿಯಂ ಸ್ಟೋಕಿ, ತಮ್ಮ ವಿದ್ಯಾರ್ಥಿಗಳ ಕೈಗಳನ್ನು ನೋಡುತ್ತ, ಇದು ಮುರುಕು ಇಂಗ್ಲಿಷ್ ಅಲ್ಲ, ಬೇರೆಯೇ ಭಾಷೆ ಎಂದು 1960ರಲ್ಲಿ ಬರೆದರು. ಅವರ ನಿಘಂಟು 1965ರಲ್ಲಿ ಬಂತು, ಸಹಲೇಖಕರಿಬ್ಬರೂ ಕಿವುಡರು. ಇಷ್ಟಾದರೂ ಆ ವಿಶ್ವವಿದ್ಯಾಲಯಕ್ಕೆ ಕಿವುಡ ಅಧ್ಯಕ್ಷರೊಬ್ಬರು ಸಿಗಲು 1988ರ ಮಾರ್ಚ್‌ನಲ್ಲಿ ವಿದ್ಯಾರ್ಥಿಗಳು ಗೇಟು ಮುಚ್ಚಿ ಚಳವಳಿ ಮಾಡಬೇಕಾಯಿತು. ನಮ್ಮಲ್ಲಿ ಇಂದಿರಾಗಾಂಧಿ ಮುಕ್ತ ವಿಶ್ವವಿದ್ಯಾಲಯ 2009ರಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರ ಜೊತೆ ಸೇರಿ ಕಿವುಡರಿಗಾಗಿ ಸಂಜ್ಞಾ ಭಾಷಾ ಅಧ್ಯಯನದ ಬಿಎ ಪದವಿ ಆರಂಭಿಸಿತು. ಪಾಠವೂ ಸಂಜ್ಞೆಯಲ್ಲೇ. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು. ಕಿವುಡರು ಬೀದಿಗಿಳಿದು ಕೇಳಿದ ಮೇಲೆ 2015ರಲ್ಲಿ ಭಾರತೀಯ ಸಂಜ್ಞಾ ಭಾಷಾ ಸಂಶೋಧನಾ ಮತ್ತು ತರಬೇತಿ ಕೇಂದ್ರ ಸ್ವತಂತ್ರ ಸಂಸ್ಥೆಯಾಯಿತು. 2018ರಲ್ಲಿ 3,000 ಪದಗಳಿದ್ದ ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು. ಅದೇ ವರ್ಷ ಪ್ರೌಢಶಾಲಾ ಹಂತದಲ್ಲಿ ಸಂಜ್ಞಾ ಭಾಷೆಗೆ ಭಾಷಾ ವಿಷಯದ ಸ್ಥಾನ ಸಿಕ್ಕಿತು.

ಇವೆಲ್ಲ ಕಷ್ಟಪಟ್ಟು ಗಳಿಸಿದ್ದು. ಆದರೆ ಈ ಪಟ್ಟಿಯಲ್ಲಿ ನಿಘಂಟಿದೆ, ದುಭಾಷಿ ತರಬೇತಿಯಿದೆ, ಪರೀಕ್ಷೆಯಿದೆ, ಸಾಹಿತ್ಯ ಮಾತ್ರ ಇಲ್ಲ. ಸಂಜ್ಞಾ ಭಾಷೆ ನಮಗೆ ಇನ್ನೂ ಒಂದು ಸೌಲಭ್ಯ, ಕಟ್ಟಡದ ಇಳಿಜಾರು ದಾರಿಯ ಹಾಗೆ. ಬೆಂಗಳೂರಿನ ಕಿವುಡರ ನಡುವೆ ಕ್ಷೇತ್ರಕಾರ್ಯ ಮಾಡಿ ಮಾನವಶಾಸ್ತ್ರಜ್ಞೆ ಮಿಷೆಲ್ ಫ್ರೀಡ್ನರ್ 2015ರಲ್ಲಿ ಪ್ರಕಟಿಸಿದ ಪುಸ್ತಕ ಈ ಕಾರಣಕ್ಕೆ ಓದಬೇಕಾದದ್ದು. ಕಾಫಿ ಅಂಗಡಿಗಳು ಮತ್ತು ಕಚೇರಿಗಳು ಕಿವುಡ ನೌಕರರನ್ನು ಮೆಚ್ಚುವ ರೀತಿಯನ್ನು ಅವರು ಗುಮಾನಿಯಿಂದ ನೋಡುತ್ತಾರೆ. ಮೆಚ್ಚುಗೆ ಮೌನಕ್ಕೆ, ಶ್ರದ್ಧೆಗೆ ಮತ್ತು ಕಂಪನಿಗೆ ಬರುವ ಒಳ್ಳೆಯ ಹೆಸರಿಗೆ. ಅದೇ ಕಿವುಡ ಯುವಕರು ತರಬೇತಿ ಕೇಂದ್ರಗಳಲ್ಲಿ, ಚರ್ಚುಗಳಲ್ಲಿ ಒಟ್ಟು ಸೇರಿ, ನೀನೂ ಕಿವುಡ ನಾನೂ ಕಿವುಡ ಆದ್ದರಿಂದ ನಾವಿಬ್ಬರೂ ಒಂದೇ ಎಂಬ ಅರ್ಥದ ಸಂಜ್ಞೆ ಮಾಡುತ್ತಾರೆ, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಕಲಿಸುತ್ತಾರೆ. ಸಂಸ್ಕೃತಿ ಇರುವುದು ಈ ಹರಟೆಯಲ್ಲಿ. ವೇದಿಕೆಯ ಆಚರಣೆಗೆ ಬೇಕಾಗಿರುವುದು ಅವರ ಮೌನ, ಸಾಹಿತ್ಯಕ್ಕೆ ಬೇಕಾಗಿರುವುದು ಅವರ ಹರಟೆ.

ಇದೆಲ್ಲ ಹೊಸ ಸವಾಲೆಂದು ಕಾರವಾರ, ಅಂಕೋಲೆಯ ಕಡೆಯವರು ಹೇಳುವಂತಿಲ್ಲ. ನಮ್ಮ ಕಣ್ಣೆದುರೇ ಇಂಥ ಎರಡು ವಾದಗಳು ಗೆದ್ದಿವೆ. ಮೊದಲನೆಯದು ಕೊಂಕಣಿಯದು. ಕಾರವಾರದ ಮನೆ, ಮೀನುಪೇಟೆಗಳಲ್ಲಿ ಆಡುವ ಕೊಂಕಣಿಯನ್ನು ಮರಾಠಿಯ ಉಪಭಾಷೆ ಎಂದು ದಶಕಗಳ ಕಾಲ ಪಂಡಿತರು ವಾದಿಸಿದರು. ಅದಕ್ಕೆ ತನ್ನದೇ ಒಂದು ಲಿಪಿ ಇಲ್ಲ ಎಂದರು. ಸಾಹಿತ್ಯ ಅಕಾಡೆಮಿ 1975ರಲ್ಲಿ ಅದನ್ನು ಸ್ವತಂತ್ರ ಸಾಹಿತ್ಯಭಾಷೆ ಎಂದು ಒಪ್ಪಿತು, 1992ರಲ್ಲಿ ಅದು ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿತು. ಆಡುವವರು ಭಾಷೆಯೆಂದು ಬಾಳಿದ್ದನ್ನು ಸಂಸ್ಥೆಗಳು ತಡವಾಗಿ ಒಪ್ಪುತ್ತವೆ. ಎರಡನೆಯದು ಅಂಕೋಲೆಯ ಬಡಿಗೇರಿಯ ಸುಕ್ರಿ ಬೊಮ್ಮಗೌಡರದು. ಹಾಲಕ್ಕಿಗಳ ಹಾಡುಗಳನ್ನು ನೆನಪಿನಲ್ಲೇ ಹೊತ್ತಿದ್ದ ಸುಕ್ರಜ್ಜಿ ಅಕ್ಷರ ಬರೆದವರಲ್ಲ. 2017ರಲ್ಲಿ ಪದ್ಮಶ್ರೀ ಪಡೆದು, 2025ರ ಫೆಬ್ರವರಿಯಲ್ಲಿ ತೀರಿಕೊಂಡಾಗ ನಾಡು ಅವರನ್ನು ಬೀಳ್ಕೊಟ್ಟಿದ್ದು ಒಂದು ಸಾಹಿತ್ಯದ ಒಡತಿಯೆಂದೇ. ಸಾಹಿತ್ಯಕ್ಕೆ ಲಿಪಿ ಬೇಕಿಲ್ಲ ಎಂಬುದನ್ನು ಕನ್ನಡ ಜಾನಪದ ಅಧ್ಯಯನ ಅಷ್ಟು ಚೆನ್ನಾಗಿ ಸಾಧಿಸಿದೆ.

ಆದರೆ ನಮ್ಮ ಜಾನಪದ ಒಂದು ಹೆಜ್ಜೆ ಹಿಂದೆಯೇ ನಿಂತಿದೆ. ಲಿಪಿಯಿಲ್ಲದ ಸಾಹಿತ್ಯಕ್ಕೆ ನಾವಿಟ್ಟ ಹೆಸರು 'ಮೌಖಿಕ', ಅಂದರೆ ಬಾಯಿಯದು. ಬರಹದ ಯಜಮಾನಿಕೆಯಿಂದ ನಮ್ಮನ್ನು ಬಿಡಿಸಿದ ಈ ಪದ ಕಿವುಡರ ಚರಿತ್ರೆಯಲ್ಲಿ ಬೇರೆಯೇ ನೆನಪು ತರುತ್ತದೆ. 1880ರಲ್ಲಿ ಮಿಲಾನ್ ನಗರದಲ್ಲಿ ಸೇರಿದ ಕಿವುಡರ ಶಿಕ್ಷಣ ಸಮ್ಮೇಳನ ತರಗತಿಗಳಿಂದ ಸಂಜ್ಞೆಗಳನ್ನು ಹೊರಗಿಟ್ಟು, ಬಾಯಿಂದಲೇ ಕಲಿಸಬೇಕೆಂದು ನಿರ್ಣಯಿಸಿತು. ಮತ ಹಾಕಿದವರು ಹೆಚ್ಚುಕಡಿಮೆ ಎಲ್ಲರೂ ಕೇಳಬಲ್ಲವರು. ಆ ಬೋಧನಾ ಕ್ರಮವನ್ನು ಕನ್ನಡಕ್ಕೆ ತಂದರೆ ಬರುವ ಹೆಸರೂ 'ಮೌಖಿಕ ಪದ್ಧತಿ'ಯೇ. ಹಾಲಕ್ಕಿ ಹಾಡಿಗೆ ಬಿಡುಗಡೆ ಕೊಟ್ಟ ಪದ ಕಿವುಡ ಮಗುವಿನ ಕೈ ಕಟ್ಟಿದ ಪದವೂ ಹೌದು. ನಮ್ಮ ಪರಿಭಾಷೆ ಎಲ್ಲರನ್ನೂ ಒಳಗೊಳ್ಳುತ್ತದೆಂಬ ಭ್ರಮೆ ಕಳೆಯಲು ಇದೊಂದೇ ಸಾಕು.

ಹಾಗಿದ್ದರೆ ಸಂಜ್ಞೆಯ ಕಾವ್ಯವನ್ನು ಯಾವ ಮಾತಿನಲ್ಲಿ ಚರ್ಚಿಸುವುದು? ಪ್ರಾಸದಿಂದ ಆರಂಭಿಸಬಹುದು. ಕನ್ನಡ ಕಾವ್ಯ ಶತಮಾನಗಳ ಕಾಲ ಪಾದದ ಎರಡನೆಯ ಅಕ್ಷರದ ಪ್ರಾಸವನ್ನು ಕಟ್ಟುನಿಟ್ಟಾಗಿ ಪಾಲಿಸಿತು. ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಅದನ್ನು ಬಿಟ್ಟದ್ದು ದೊಡ್ಡ ಸಂಗತಿಯಾಯಿತು. ಪ್ರಾಸವನ್ನು ನಾವು ಕಿವಿಯ ಸುಖ ಎಂದುಕೊಂಡಿದ್ದೇವೆ. ಅದರ ಮೂಲ ಕೆಲಸ ಒಂದು ಗುರುತನ್ನು ಮತ್ತೆ ಮತ್ತೆ ತಂದು ಸಾಲುಗಳನ್ನು ಬೆಸೆಯುವುದು. ಅಮೆರಿಕದ ಕಿವುಡ ಕವಿ ಕ್ಲೇಟನ್ ವ್ಯಾಲಿ ಸಂಜ್ಞಾಕಾವ್ಯದ ಮೀಮಾಂಸೆಯ ಮೇಲೆ 1993ರಲ್ಲಿ ಡಾಕ್ಟರೇಟ್ ಪಡೆದರು. ಸಾಲಿನಿಂದ ಸಾಲಿಗೆ ಅದೇ ಕೈಯಾಕಾರ ಅಥವಾ ಅದೇ ಚಲನೆ ಮರಳಿದಾಗ ಅದು ಕಣ್ಣಿನ ಪ್ರಾಸ ಎಂದು ಅವರು ವಿವರಿಸಿದರು. ನಾಗವರ್ಮನ ಛಂದಸ್ಸು ಓದಿದ ವಿದ್ಯಾರ್ಥಿಗೆ ಇದು ಅರ್ಥವಾಗದ ಸಂಗತಿಯೇನಲ್ಲ.

ವ್ಯಾಲಿಯವರದೇ ಒಂದು ಪ್ರಸಿದ್ಧ ಕವಿತೆಯಲ್ಲಿ ಹುಲ್ಲುಹಾಸಿನ ಹಳದಿ ಕಳೆಹೂಗಳು ಗಾಳಿಗೆ ತೂಗುತ್ತವೆ. ಮನೆಯವನಿಗೆ ಅವು ಕಂಡರಾಗದು, ಕಿತ್ತುಹಾಕುತ್ತಾನೆ. ಹೂವು ಮುಚ್ಚುತ್ತದೆ, ಮಳೆ ಬರುತ್ತದೆ, ಬೀಜಗಳು ಹಾರುತ್ತವೆ, ಹೂಗಳು ಮತ್ತೆ ಏಳುತ್ತವೆ. ಕವಿತೆಯಲ್ಲಿ ಇರುವುದು ಇಷ್ಟೇ. ಸಂಜ್ಞಾ ಭಾಷೆಯ ಹೆಸರು ಎಲ್ಲಿಯೂ ಬರುವುದಿಲ್ಲ. ಆದರೆ ನೋಡಿದ ಕಿವುಡರು ಅದನ್ನು ತರಗತಿಗಳಿಂದ ಕಿತ್ತೆಸೆದರೂ ಸಾಯದ ತಮ್ಮ ಭಾಷೆಯ ಕಥೆಯಾಗಿ ಓದಿದರು. ಹೇಳದೆ ಹೊಳೆಯಿಸುವ ಈ ಅರ್ಥಕ್ಕೆ ನಮ್ಮ ಮೀಮಾಂಸೆಯಲ್ಲಿ ಒಂದೇ ಹೆಸರು: ಧ್ವನಿ.

ಒಂಬತ್ತನೆಯ ಶತಮಾನದ ಕಾಶ್ಮೀರದ ಆನಂದವರ್ಧನ ಈ ಪದವನ್ನು ವೈಯಾಕರಣರಿಂದ ಪಡೆದ. ಅವರಲ್ಲಿ ಅದು ಕಿವಿಗೆ ಬೀಳುವ ಶಬ್ದ. ಅವನಲ್ಲಿ ಅದು ಶಬ್ದವನ್ನೂ ವಾಚ್ಯಾರ್ಥವನ್ನೂ ದಾಟಿದ ಅರ್ಥ. ಅದನ್ನು ವಿವರಿಸಲು ಅವನು ಆರಿಸಿಕೊಂಡ ಹೋಲಿಕೆ ಹೆಣ್ಣಿನ ಲಾವಣ್ಯ: ಅವಯವಗಳಲ್ಲೇ ತೋರುವ, ಆದರೆ ಯಾವ ಅವಯವವೂ ಅಲ್ಲದ ಒಂದು ಹೊಳಪು. ಗಮನಿಸಿ, ಇದು ಕಿವಿಯ ಹೋಲಿಕೆಯಲ್ಲ, ಕಣ್ಣಿನದು. ಹೆಸರಿನಲ್ಲಿ ಶಬ್ದವಿದ್ದರೂ ಧ್ವನಿಯ ಜೀವ ಶಬ್ದದಲ್ಲಿ ಇಲ್ಲ ಎಂದು ಅವನ ಉಪಮೆಯೇ ಹೇಳುತ್ತಿದೆ. ಕಿವುಡರ ಕವಿತೆ ಧ್ವನಿಸಿದ್ಧಾಂತಕ್ಕೆ ಹೊರಗಿನದಲ್ಲ. ಆ ಸಿದ್ಧಾಂತದ ನಿಜವಾದ ಪರೀಕ್ಷೆ ಅಲ್ಲಿಯೇ ಆಗಬೇಕು. ಶಬ್ದವೇ ಇಲ್ಲದ ಕಡೆಯೂ ಧ್ವನಿ ನಿಂತರೆ, ಆನಂದವರ್ಧನ ಹೇಳಿದ್ದು ನಾವು ತಿಳಿದುದಕ್ಕಿಂತ ದೊಡ್ಡದು.

ಇದು ಬರೀ ಪರಿಭಾಷೆಯ ಚರ್ಚೆಯಲ್ಲ. 2011ರ ಜನಗಣತಿಯಲ್ಲಿ ಶ್ರವಣ ವೈಕಲ್ಯವಿರುವವರೆಂದು ಎಣಿಸಿದವರು 50 ಲಕ್ಷಕ್ಕೂ ಹೆಚ್ಚು. ಅದೇ ಜನಗಣತಿಯ 121 ಭಾಷೆಗಳ ಪಟ್ಟಿಯಲ್ಲಿ ಸಂಜ್ಞಾ ಭಾಷೆ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಉನ್ನತ ಶಿಕ್ಷಣದಲ್ಲಿ ಕನಿಷ್ಠ ಶೇಕಡ 5 ಸೀಟು ಕಾದಿರಿಸುತ್ತದೆ. ಅಂಕೋಲೆಯ ಕಿವುಡ ಹುಡುಗಿಯೊಬ್ಬಳು ಪಿಯುಸಿ ಮುಗಿಸಿ ಸಾಹಿತ್ಯ ಓದುತ್ತೇನೆ ಎಂದಳೆನ್ನಿ. ಪದವಿ ಮುಗಿಸಿ ಎಂಎಗೆ ಘಟ್ಟ ಹತ್ತಿ ಧಾರವಾಡಕ್ಕೆ ಹೋದರೆ ಕಾಯ್ದೆ ಅವಳಿಗೆ ಸೀಟು ಕೊಡಬಹುದು. ಪಾಠ ಕೊಡುವುದಿಲ್ಲ. ಮೇಷ್ಟ್ರು ಹಲಗೆಯ ಕಡೆ ತಿರುಗಿ ಮಾತಾಡುತ್ತಾರೆ, ಟಿಪ್ಪಣಿ ಗೆಳತಿಯರಿಂದ ಬರುತ್ತದೆ. ಭಾಷಾ ಪರೀಕ್ಷೆಗಳಲ್ಲಿ ಅವಳಂಥವರಿಗೆ ಕೆಲವು ಮಂಡಳಿಗಳು ಎರಡರ ಬದಲು ಒಂದೇ ಭಾಷೆ ಸಾಕೆಂದು ವಿನಾಯಿತಿ ಕೊಡುತ್ತವೆ. ಅದು ಬೇಕಾದದ್ದೇ. ಆದರೆ ಅವಳಿಗೆ ಬರುವ ಒಂದು ಇಡೀ ಭಾಷೆಯನ್ನು ಲೆಕ್ಕಕ್ಕೆ ಹಿಡಿಯದೆ ಬರೀ ವಿನಾಯಿತಿ ಕೊಡುವುದು, ಅವಳಿಗೆ ಭಾಷೆಯೇ ಕಡಿಮೆ ಎಂದು ತೀರ್ಪು ಕೊಟ್ಟಂತೆ.

ಕನ್ನಡ ವಿಭಾಗವೊಂದು ಮಾಡಬಹುದಾದ ಕೆಲಸಗಳು ದೊಡ್ಡ ಹಣ ಕೇಳುವಂಥವಲ್ಲ. ಜಾನಪದದವರು ಹಾಡು ಹುಡುಕಿ ಟೇಪ್ ರೆಕಾರ್ಡರ್ ಹೊತ್ತು ಹೋದ ಹಾಗೆ ಕ್ಯಾಮೆರಾ ಹಿಡಿದು ಕಿವುಡರ ಮನೆ, ಸಂಘ, ಹಾಸ್ಟೆಲ್‌ಗಳಿಗೆ ಹೋಗಬಹುದು. ಅವರ ಕಥೆ, ಜೋಕು, ಒಬ್ಬರಿಗೊಬ್ಬರು ಇಟ್ಟುಕೊಂಡ ಸಂಜ್ಞಾನಾಮಗಳು, ಶಾಲೆಯ ದಿನಗಳ ನೆನಪು ಇವನ್ನು ಪಠ್ಯವೆಂದು ದಾಖಲಿಸಬಹುದು. ದಾಖಲೆಯ ಯಜಮಾನಿಕೆ ಕಿವುಡ ಸಂಶೋಧಕರದೇ ಆಗಿರಲಿ. ಅಲೀಪುರದಲ್ಲಿ ಹಾಗಾದದ್ದರಿಂದಲೇ ಆ ಕೆಲಸಕ್ಕೆ ತೂಕ ಬಂದಿದೆ. ಕಾವ್ಯಮೀಮಾಂಸೆಯ ಪತ್ರಿಕೆಯಲ್ಲಿ ಪ್ರಾಸ, ಧ್ವನಿಗಳ ಪಾಠಕ್ಕೆ ಒಂದು ಸಂಜ್ಞಾಕವಿತೆಯ ವಿಡಿಯೊ ಸೇರಿಸಬಹುದು, ಅದನ್ನು ವಿವರಿಸಲು ಕಿವುಡ ಶಿಕ್ಷಕರನ್ನು ಗೌರವಧನ ಕೊಟ್ಟು ಕರೆಸಬಹುದು.

ಆಗ ಸೆಪ್ಟೆಂಬರ್ 23ರ ಕಾರ್ಯಕ್ರಮವೂ ಬದಲಾದೀತು. ಸ್ಪೀಕರ್ ಆರಿಸಿ, ಕಿವುಡ ಕವಿಯೊಬ್ಬರು ತಮ್ಮದೇ ಕವಿತೆಯನ್ನು ವೇದಿಕೆಯ ಮೇಲೆ ಆಡಲಿ. ಸಭೆಯಲ್ಲಿರುವ ಕಿವುಡರು ಮೊದಲು ನಗಲಿ. ಅವರೇಕೆ ನಕ್ಕರೆಂದು ಕೇಳಲು ಆ ದಿನ ದುಭಾಷಿ ಬೇಕಾಗುವುದು ನಮಗೆ.